ಎಸ್ಟೋನಿಯಾದಲ್ಲಿ ಒಂದು ‘ಬುಡು’

ಬೆಂಗಳೂರು, ವಿಮಾನ ನಿಲ್ದಾಣ

ನನ್ನ ಮೊದಲ ವಿದೇಶ ಪ್ರಯಾಣ ಶುರುವಾಗಿದ್ದು ಜಗಳದಿಂದ. ಜಗಳ ಅನ್ನುವುದು ದೊಡ್ಡ ಮಾತಾಯಿತು, ಬಾಯಿ ಮಾಡಿದವಳು ನಾನೊಬ್ಬಳೇ. ಸೂಟ್‌ಕೇಸಿನೊಳಗೆ ಎರಡು ಸೀರೆ, ಸ್ವೆಟರು, ಚಟ್ನಿಪುಡಿ ಡಬ್ಬಿಯ ಜೊತೆಗೆ ಒಂಬತ್ತು ಉಂಡೆ ಕೊಬ್ಬರಿ ಇಟ್ಟುಕೊಂಡಿದ್ದೆ. ಸ್ಕ್ಯಾನರಿನ ಮುಂದೆ ಕೂತಿದ್ದ ಹುಡುಗಿ ಪರದೆ ನೋಡಿದಳು, ನನ್ನನ್ನು ನೋಡಿದಳು, “ಮೇಡಂ, ಇದೇನು ಇಷ್ಟೊಂದು ಬಾಲು?” ಅಂದಳು. “ಕೊಬ್ಬರಿ ಕಣಮ್ಮ, ತಿಪಟೂರು ಕೊಬ್ಬರಿ” ಅಂದೆ, ಊರಿನ ಹೆಸರು ಹೇಳಿದರೆ ಸಾಕು ಬ್ಯಾಗು ಒಳಗೆ ಹೋಗುತ್ತದೆ ಎನ್ನುವ ಧೈರ್ಯದಲ್ಲಿ. ಅವಳು ಗೋಡೆಯ ಮೇಲಿದ್ದ ಪಟ್ಟಿ ತೋರಿಸಿದಳು. ಪಟಾಕಿ, ಪೆಟ್ರೋಲು, ಅವುಗಳ ಸಾಲಿನಲ್ಲೇ ಕೊಬ್ಬರಿ. ಎಣ್ಣೆ ಜಾಸ್ತಿ ಇರುವುದರಿಂದ ಬೆಂಕಿ ಹತ್ತಿಕೊಳ್ಳುತ್ತದಂತೆ.

ತುರುವೇಕೆರೆ ಕಡೆಯ ಹಳ್ಳಿಯಲ್ಲಿ ಕೊಬ್ಬರಿ ಅಟ್ಟದ ಕೆಳಗೆ ಹುಟ್ಟಿ, ಅದರ ಕೆಳಗೇ ಮಲಗಿ ಎದ್ದು ಬೆಳೆದವಳು ನಾನು. ಪಟಾಕಿ ಗೋಡೌನಿನಲ್ಲಿ ಮಲಗಿದ್ದೇವೆಂದು ನಮಗೆ ಯಾರೂ ಹೇಳಿರಲಿಲ್ಲ. “ನಮ್ಮನೆ ಅಟ್ಟದ ತುಂಬ ಇದೇ ಇದೆ, ಇಲ್ಲಿವರೆಗೂ ಹೆಂಚು ಕೂಡ ಹಾರಿಲ್ಲ” ಅಂದೆ. ಆ ಹುಡುಗಿ ಬಹಳ ಮರ್ಯಾದೆಯಿಂದ “ರೂಲ್ಸ್ ಮೇಡಂ” ಅಂದಳು. ಮರ್ಯಾದೆಯಿಂದ ಮಾತಾಡುವವರ ಜೊತೆ ಜಗಳ ಮುಂದುವರಿಸುವುದು ಬಹಳ ಕಷ್ಟ. ಒಂಬತ್ತನ್ನೂ ಅಲ್ಲೇ ನೆಲ ಒರೆಸುತ್ತಿದ್ದ ಹೆಂಗಸಿನ ಕೈಗೆ ಕೊಟ್ಟು ಒಳಗೆ ಹೋದೆ.

ನಾನು ತಿಪಟೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮದುವೆ ವಿಡಿಯೊ ತೆಗೆಯುತ್ತೇನೆ. ಮದುವೆಯಿಲ್ಲದ ತಿಂಗಳುಗಳಲ್ಲಿ ಸಾಕ್ಷ್ಯಚಿತ್ರ ಮಾಡುತ್ತೇನೆ. ಬೋರನಕಣಿವೆ ಜಲಾಶಯದಲ್ಲಿ ನೀರು ಇಳಿದಾಗ ಮೇಲೆದ್ದ ಹಳೇ ದಾರಿಯ ಬಗ್ಗೆ ಒಂದು, ಅಮ್ಮಸಂದ್ರದ ರೈಲ್ವೆ ಗೇಟು ಕಾಯುವವರ ಬಗ್ಗೆ ಒಂದು, ಹೀಗೆ ಒಟ್ಟು ಐದು ಮಾಡಿದ್ದೇನೆ. ಕಾಲೇಜಿನ ಹಾಲ್‌ನಲ್ಲಿ ತೋರಿಸಿದರೆ ಊಟದ ಹೊತ್ತಿಗೆ ಅರ್ಧ ಜನ ಎದ್ದು ಹೋಗುತ್ತಾರೆ. ಉಳಿದ ಅರ್ಧ “ಇದು ಯಾವ ಟೀವೀಲಿ ಬತ್ತದೆ ಮೇಡಂ?” ಅಂತ ಕೇಳುತ್ತಾರೆ. ಯಾವ ಟೀವಿಯಲ್ಲೂ ಬರುವುದಿಲ್ಲ ಎಂದರೆ, “ಮತ್ಯಾಕ್ ಮಾಡುದ್ರಿ?” ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಇದಕ್ಕೊಂದು ಉತ್ತರ ನನಗೆ ಸಿಕ್ಕಿಲ್ಲ.

ಐದನೆಯದು ಕೊಬ್ಬರಿಯ ಹದ ಹೇಳುವ ರಂಗಮ್ಮ ಎಂಬ ಹೆಂಗಸಿನ ಮೇಲೆ ಮಾಡಿದ ಚಿತ್ರ. ಅದನ್ನು ಎಸ್ಟೋನಿಯಾದ ಒಂದು ಪುಟ್ಟ ಊರಿನ ಚಿತ್ರೋತ್ಸವದವರು ಸ್ಪರ್ಧೆಗೆ ಆರಿಸಿದರು, ಟಿಕೇಟನ್ನೂ ಕಳಿಸಿದರು. ಬಹುಮಾನ ಬಂತಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಬರಲಿಲ್ಲ. ಈ ಬರಹ ಅದರ ಬಗ್ಗೆ ಅಲ್ಲ.

ಬಸ್‌ಸ್ಟಾಪು

ಎಸ್ಟೋನಿಯಾ ಎಲ್ಲಿದೆ ಎಂದು ಹೋಗುವ ಮುಂಚೆ ನನಗೂ ಗೊತ್ತಿರಲಿಲ್ಲ. ಫಿನ್‌ಲ್ಯಾಂಡಿನ ಕೆಳಗೆ, ಸಮುದ್ರದ ಅಂಚಿನಲ್ಲಿದೆ. ರಾಜಧಾನಿ ಟಾಲಿನ್‌ನಿಂದ ಆ ಪುಟ್ಟ ಊರಿಗೆ ಬಸ್ಸು ಹಿಡಿಯಬೇಕಿತ್ತು. ಸೆಪ್ಟೆಂಬರಿನ ಸಣ್ಣ ಮಳೆ. ಸ್ಟಾಪಿನ ತಗಡಿನ ಕೆಳಗೆ ಒಬ್ಬ ಗಂಡಸು ನಿಂತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವನು ಒಂದು ಹೆಜ್ಜೆ ಸರಿದ. ಜಾಗ ಮಾಡಿಕೊಟ್ಟ ಅಂದುಕೊಂಡು ನಾನೂ ಒಂದು ಹೆಜ್ಜೆ ಸರಿದೆ. ಅವನು ಇನ್ನೊಂದು ಹೆಜ್ಜೆ ಸರಿದ. ನಾಲ್ಕನೇ ಹೆಜ್ಜೆಗೆ ಅವನು ಮಳೆಯಲ್ಲಿ ನಿಂತಿದ್ದ, ತಗಡಿನ ಕೆಳಗೆ ನಾನೊಬ್ಬಳೇ ಇದ್ದೆ. ಅವರ ಕಡೆ ಇಬ್ಬರ ನಡುವೆ ಒಂದು ಹಸು ನಿಲ್ಲುವಷ್ಟು ಜಾಗ ಬಿಡುವುದು ರೂಢಿ ಅಂತ ಆಮೇಲೆ ಗೊತ್ತಾಯಿತು. ಚಿಕ್ಕನಾಯಕನಹಳ್ಳಿ ಬಸ್ಸಿನಲ್ಲಿ ಅಷ್ಟು ಜಾಗದಲ್ಲಿ ಏಳು ಜನ ನಿಲ್ಲುತ್ತೇವೆ, ಎಂಟನೆಯವರು ಬಂದರೆ ಅವರ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳುತ್ತೇವೆ.

ಬಸ್ಸಿನೊಳಗೆ ಯಾರೂ ಮಾತಾಡುವುದಿಲ್ಲ. ಎರಡೂವರೆ ಗಂಟೆ ದಾರಿಯಲ್ಲಿ ಒಬ್ಬ ಹೆಂಗಸು ಒಂದು ಸಲ ಸೀನಿದಳು, ಅಷ್ಟೇ. ಮೊದಲು ನನಗೆ ಸಿಟ್ಟು ಬಂತು. ಯಾವ ಊರು, ಎಷ್ಟು ಮಕ್ಕಳು, ಏನು ಕೆಲಸ ಅಂತ ಒಬ್ಬರಾದರೂ ಕೇಳಬಾರದಾ? ಆಮೇಲೆ ಒಂದು ಥರ ಹಗುರಾಯಿತು. ‘ಮತ್ಯಾಕ್ ಮಾಡುದ್ರಿ’ ಅಂತಲೂ ಇಲ್ಲಿ ಯಾರೂ ಕೇಳುವುದಿಲ್ಲವಲ್ಲ.

ಊರು ತಲುಪಿ ನಡೆದರೆ ಮನೆಗಳ ಗೇಟಿನ ಮುಂದೆ ಬಕೆಟ್ಟಿನಲ್ಲಿ ಸೇಬು ತುಂಬಿಟ್ಟಿದ್ದಾರೆ. ಕಾಯುವವರಿಲ್ಲ. ಹಿತ್ತಿಲಲ್ಲಿ ಬಿದ್ದ ಹಣ್ಣು ಜಾಸ್ತಿಯಾದಾಗ ಬೇಕಾದವರು ತಗೊಂಡು ಹೋಗಲಿ ಅಂತ ಇಡುತ್ತಾರಂತೆ. ನಾನು ಒಂದು ತಗೊಂಡು, ಮನೆಯವರಿಗೆ ಹೇಳಿ ಹೋಗೋಣ ಅಂತ ಬಾಗಿಲು ತಟ್ಟಿದೆ. ಒಬ್ಬ ಮುದುಕ ಬಂದು, ನನ್ನ ಕೈಯಲ್ಲಿದ್ದ ಸೇಬು ನೋಡಿ, ಅದರಲ್ಲೇನೋ ಹುಳುಕಿದೆ ಅಂತ ದೂರು ಹೇಳಲು ಬಂದಿದ್ದೇನೆ ಅಂದುಕೊಂಡು, ಬಕೆಟ್ಟಿನಿಂದ ಬೇರೊಂದು ಆರಿಸಿ ಕೊಟ್ಟು ಒಳಗೆ ಹೋದ. ಧನ್ಯವಾದ ಹೇಳಲು ಹೋಗಿ ಎರಡು ಸೇಬಿನ ಒಡತಿಯಾದೆ.

ಗ್ರಂಥಾಲಯ, ಎರಡನೇ ದಿನ

ನನ್ನನ್ನು ನೋಡಿಕೊಳ್ಳುವ ಕೆಲಸ ತೀಯು ಎಂಬ ಹೆಂಗಸಿನದು. ಅರವತ್ತು ದಾಟಿದವರು, ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು, ಉದ್ದನೆ ಕೈ. ನನ್ನ ಚಿತ್ರವನ್ನು ಆರಿಸಿದವರೂ ಅವರೇ, ಅದಕ್ಕೆ ಎಸ್ಟೋನಿಯನ್ ಭಾಷೆಯಲ್ಲಿ ಅಡಿಬರಹ ಬರೆಯುತ್ತಿದ್ದವರೂ ಅವರೇ. ಅವರ ಭಾಷೆಯಲ್ಲಿ ಇಂಗ್ಲಿಷಿನ ಜೆ ಅಕ್ಷರವನ್ನು ಯ ಅಂತ ಓದುತ್ತಾರೆ. ಹಾಗಾಗಿ ಸುಜಾತ ಆದ ನಾನು ಐದು ದಿನ ಸುಯಾತ ಆಗಿದ್ದೆ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಅದಕ್ಕೇ ಒಬ್ಬರದೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಎರಡನೇ ದಿನ ಬೆಳಿಗ್ಗೆ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತೆವು. ತೀಯು ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ನಾನು ಕಳಿಸಿದ ಇಂಗ್ಲಿಷ್ ಅಡಿಬರಹವನ್ನು ನೋಡಿಕೊಂಡು ಅನುವಾದ ಮಾಡುವಾಗ ಅವರು ಧ್ವನಿಯನ್ನೂ ಕೇಳಿಸಿಕೊಳ್ಳುತ್ತಿದ್ದರಂತೆ. ಭಾಷೆ ಬಾರದಿದ್ದರೂ ಒಂದು ಸದ್ದು ಅವರ ಕಿವಿಗೆ ಸಿಕ್ಕಿದೆ.

“ಈ ಅಮ್ಮ ಬುಡು, ಬುಡು ಅನ್ನುತ್ತಾರೆ. ಇಪ್ಪತ್ತಮೂರು ಸಲ. ನೀವು ಇಂಗ್ಲಿಷಿನಲ್ಲಿ ಒಂದೊಂದು ಕಡೆ ಒಂದೊಂದು ಬರೆದಿದ್ದೀರಿ. ಇಲ್ಲಿ ‘ಸಾಕು’. ಇಲ್ಲಿ ‘ಯೋಚನೆ ಬೇಡ’. ಇಲ್ಲಿ ‘ಹೋಗಲಿ’. ಇಲ್ಲಿ ‘ಅದು ಗೊತ್ತಿದ್ದದ್ದೇ’. ಯಾವುದು ಸರಿ?”

ನಾನು ನಕ್ಕುಬಿಟ್ಟೆ. ಬುಡು ಇಲ್ಲದೆ ನಮ್ಮ ಕಡೆ ದಿನ ಹೋಗುವುದಿಲ್ಲ ಅಂತ ವಿವರಿಸಲು ಕೂತೆ. ದಾರಿ ಬುಡು ಅಂದರೆ ಸರಿದುಕೋ. ನೀರು ಬುಡು ಅಂದರೆ ಹರಿಸು. ಆ ಮಾತು ಬುಡು ಅಂದರೆ ನಿಲ್ಲಿಸು. ತಿಂದ್‌ಬುಡು ಅಂದರೆ ಪೂರ್ತಿ ಮುಗಿಸು. ಅವನ ಮಾತು ಬುಡು ಅಂದರೆ ಅವನನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ ಅಂತಲೂ ಆಗುತ್ತದೆ, ಅವನು ಭಾರಿ ಆಸಾಮಿ ಅಂತಲೂ ಆಗುತ್ತದೆ, ಅದು ಹೇಳುವ ರಾಗದ ಮೇಲೆ ಹೋಗುತ್ತದೆ. ಇಷ್ಟಾದ ಮೇಲೆ ಕೊಬ್ಬರಿಯ ಬುಡು ಬೇರೆ. ನಮ್ಮ ಕಡೆ ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತೇವೆ. ಒಳಗಿನ ನೀರು ಆರಿ, ಕಾಯಿ ಒಣಗಿ, ಚಿಪ್ಪಿನಿಂದ ತಾನಾಗಿ ಬೇರೆಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನುತ್ತದೆ. ಅದಕ್ಕೆ ‘ಕಾಯಿ ಬುಟ್ಟೈತೆ’ ಅನ್ನುತ್ತೇವೆ. ಬಿಡುವ ಮುಂಚೆ ಒಡೆದರೆ ಉಂಡೆ ಚೂರಾಗುತ್ತದೆ, ಬೆಲೆ ಹೋಗುತ್ತದೆ.

ರಂಗಮ್ಮನ ಕೆಲಸ ಇದನ್ನು ಹೇಳುವುದು. ಹುಳಿಯಾರು, ಕೆಂಕೆರೆ ಸುತ್ತಿನ ಹಟ್ಟಿಗಳಲ್ಲಿ ಅಟ್ಟದ ಕಾಯಿ ಇಳಿಸುವ ಮುಂಚೆ ಅವರನ್ನು ಕರೆಸುತ್ತಾರೆ. ಅವರು ಏಣಿ ಹತ್ತಿ, ಅಲ್ಲೊಂದು ಇಲ್ಲೊಂದು ಕಾಯಿ ಎತ್ತಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, “ಇನ್ನ ಹದ್ನೈದ್ ದಿನ ಇರ್ಲಿ” ಅಂತಲೋ, “ಇಳ್ಸಿ” ಅಂತಲೋ ಹೇಳುತ್ತಾರೆ. ಅವರ ಮಾತು ತಪ್ಪಿದ್ದು ಯಾರಿಗೂ ನೆನಪಿಲ್ಲ. ಮೊದಲು ಕುರಿ ಮೇಯಿಸಿಕೊಂಡಿದ್ದ ಮನೆಯ ಹೆಂಗಸು, ಓದಿಲ್ಲ, ಆದರೂ ದೊಡ್ಡ ತೋಟದವರು ಅವರಿಗಾಗಿ ಕಾಯುತ್ತಾರೆ. ಒಂದು ವರ್ಷ ನಾನು ಅವರ ಹಿಂದೆ ಅಟ್ಟದಿಂದ ಅಟ್ಟಕ್ಕೆ ಕ್ಯಾಮೆರಾ ಹೊತ್ತು ಹತ್ತಿದ್ದೆ.

ತೀಯು ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಪೆನ್ಸಿಲನ್ನು ಹತ್ತೊಂಬತ್ತನೇ ಸಾಲಿನ ಮೇಲೆ ಇಟ್ಟರು. “ಇಲ್ಲಿ?” ಅಂದರು.

ಅದು ಇಡೀ ಚಿತ್ರದ ಜೀವ. ನಾಲ್ಕು ನಿಮಿಷದ ಶಾಟ್. ರಂಗಮ್ಮ ಅಟ್ಟದಲ್ಲಿ ಕಾಯಿಗಳ ನಡುವೆ ಕೂತು, ಒಂದನ್ನು ಎರಡೂ ಅಂಗೈಯಲ್ಲಿ ಹಿಡಿದು ಅಲ್ಲಾಡಿಸುತ್ತಾ, ಯಾರೂ ಕೇಳದೆ ತಾವಾಗಿ ಹೇಳುತ್ತಾರೆ: “ಎಡಗಿವಿ ಹೋಗಿ ಆರ್ ವರ್ಸ ಆಯ್ತು ಕಣಮ್ಮ. ಬಲಗಿವೀನೂ ಅರ್ಧಂಬರ್ಧ. ಮನೇಲೂ ಗೊತ್ತಿಲ್ಲ. ಜನ ನೋಡ್ತಾರೆ ಅಂತ ಕಿವಿತಾವ ಇಟ್ಕಂತೀನಿ ಅಷ್ಟೆ. ಬುಟ್ಟೈತೋ ಇಲ್ವೋ ಅಂತ ಈಗ ಕೈಗೇ ಕೇಳುಸ್ತದೆ.” ಕ್ಯಾಮೆರಾ ಹಿಂದಿನಿಂದ ನಾನು, “ಅಮ್ಮಾ, ಈ ಮಾತು ಸಿನಿಮಾದಲ್ಲಿ ಇರ್ಲಾ?” ಅನ್ನುತ್ತೇನೆ. ಅವರು ಕಾಯಿಯನ್ನು ಕೆಳಗಿಟ್ಟು, ಅದನ್ನೇ ನೋಡುತ್ತಾ, “ಬುಡು” ಅನ್ನುತ್ತಾರೆ.

(ಇದನ್ನು ನಾನು ಈಗ ಬರೆಯುತ್ತಿರುವುದಕ್ಕೆ ರಂಗಮ್ಮನ ಅಡ್ಡಿಯಿಲ್ಲ. ಈ ವರ್ಷ ಮಂಡಿನೋವು ಅಂತ ಅವರು ಏಣಿ ಹತ್ತುವುದನ್ನೇ ನಿಲ್ಲಿಸಿ, ಕಿವಿಗೆ ಮಿಷನ್ ಹಾಕಿಸಿಕೊಂಡು, ಊರಿಗೆಲ್ಲ ತಾವೇ ಹೇಳಿಕೊಂಡು ನಕ್ಕಿದ್ದಾರೆ. ಆಗ ಹಾಗಿರಲಿಲ್ಲ. ಕಿವಿ ಕೇಳುವುದಿಲ್ಲ ಎಂದು ಗೊತ್ತಾದರೆ ಮರುದಿನದಿಂದ ಅವರನ್ನು ಯಾರೂ ಅಟ್ಟಕ್ಕೆ ಕರೆಯುತ್ತಿರಲಿಲ್ಲ.)

ಹತ್ತೊಂಬತ್ತನೇ ಸಾಲಿಗೆ ನಾನು ಬರೆಸಿದ್ದ ಇಂಗ್ಲಿಷು ‘ಪರವಾಗಿಲ್ಲ, ಹಾಕಿಕೋ’ ಅಂತ. ಉತ್ಸವದ ಪತ್ರದಲ್ಲಿ ತೀಯು ಹೊಗಳಿದ್ದೂ ಈ ಶಾಟನ್ನೇ. ಈಗ ಅವರು ಕೇಳಿದರು, “ಬುಡು ಅಂದರೆ ನಿಲ್ಲಿಸು ಅಂತಲೂ ಆಗುತ್ತದೆ ಅಂದಿರಿ. ಹಾಗಾದರೆ ಇಲ್ಲಿ ಅವರು ಹಾಕು ಅಂದರೋ, ಬೇಡ ಅಂದರೋ?”

 ಎಡಿಟಿಂಗಿನಲ್ಲಿ ನೂರು ಸಲ ಕೇಳಿದ ಮಾತು ಅದು. ನೂರು ಸಲವೂ ‘ಹೋಗ್ಲಿ ಬುಡು, ಹಾಕ್ಕೋ’ ಎಂದೇ ಕೇಳಿಸಿತ್ತು. ಈಗ ಬೇರೆ ರಾಗದಲ್ಲಿ ಕೇಳಿಸತೊಡಗಿತು.

“ಅವರ ಊರಿನವರು ಇದನ್ನು ನೋಡುವುದಿಲ್ಲ” ಅಂದೆ. ನಿಜ ಹೇಳಬೇಕೆಂದರೆ ನಾನು ಧೈರ್ಯ ಮಾಡಿದ್ದೇ ಆ ನಂಬಿಕೆಯ ಮೇಲೆ. ಎಸ್ಟೋನಿಯಾದಲ್ಲಿ ಕೆಂಕೆರೆಯವರು ಯಾರಿದ್ದಾರೆ? ಊರಲ್ಲಿ ತೋರಿಸುವಾಗ ಆ ಶಾಟ್ ತೆಗೆದರಾಯಿತು ಅಂದುಕೊಂಡಿದ್ದೆ.

“ನಾಳೆ ಪ್ರದರ್ಶನ ಮುಗಿದ ಮೇಲೆ ಸ್ಪರ್ಧೆಯ ಎಲ್ಲ ಚಿತ್ರಗಳನ್ನೂ ಒಂದು ತಿಂಗಳು ಇಂಟರ್‌ನೆಟ್ಟಿನಲ್ಲಿ ಇಡುತ್ತೇವೆ, ಸುಯಾತ. ಪತ್ರದಲ್ಲಿ ಬರೆದಿದ್ದೆವಲ್ಲ” ಅಂದರು ತೀಯು.

ಬರೆದಿದ್ದರು. ಟಿಕೇಟಿನ ಸಾಲು ಓದಿದ ಮೇಲೆ ನಾನು ಮುಂದಕ್ಕೆ ಓದಿರಲಿಲ್ಲ. ತಿಪಟೂರಿನ ನಮ್ಮ ಫೋಟೋಗ್ರಾಫರುಗಳ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಯಾರೋ ‘ಲಿಂಕ್ ಬಂದರೆ ಹಾಕಿ ಅಕ್ಕ’ ಅಂತ ಕೇಳಿದ್ದರು. 

ಗ್ರಂಥಾಲಯದ ಮೆಟ್ಟಿಲು

ರಂಗಮ್ಮನನ್ನೇ ಕೇಳಿ ಹೇಳುತ್ತೇನೆ ಎಂದು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಫೋನು ಮಾಡಿದೆ. ಊರಲ್ಲಿ ಆಗ ಮಧ್ಯಾಹ್ನ. ಎತ್ತಿದ್ದು ರಂಗಮ್ಮನ ಸೊಸೆ ಭಾಗ್ಯ.

“ಅಕ್ಕ, ಫಾರಿನ್ನಿಂದನಾ? ತಡೀರಿ, ಸ್ಪೀಕರ್‌ಗೆ ಹಾಕ್ತೀನಿ. ಅತ್ತೆಗೆ ಫೋನ್ನಾಗೆ ಸರ್ಯಾಗಿ ಕೇಳ್ಸಲ್ಲ, ನಮ್ ಹಟ್ಟೀಲಿ ಸಿಗ್ನಲ್ ಕಮ್ಮಿ ಕಣಕ್ಕ. ಜೋರಾಗ್ ಮಾತಾಡಿ.”

ಹಿಂದೆ ಕಾಯಿ ಸುಲಿಯುವ ಸದ್ದು, ನಾಲ್ಕಾರು ಜನರ ನಗು. ಕೆಲಸದವರು ಅಂಗಳದಲ್ಲೇ ಇದ್ದರು.  ಏನಂತ ಕೇಳಲಿ? ಅಮ್ಮಾ, ನಿಮಗೆ ಕಿವಿ ಕೇಳುವುದಿಲ್ಲ ಅಂದಿರಲ್ಲ, ಅದನ್ನು ಹೇಳಬಹುದಾ ಅಂತ ಸ್ಪೀಕರಿನಲ್ಲಿ ಕೂಗಿ ಕೇಳಬೇಕು. ಅವರಿಗೆ ಕೇಳಿಸುವಷ್ಟು ಕೂಗಿದರೆ ಅಂಗಳಕ್ಕೆಲ್ಲ ಕೇಳಿಸುತ್ತದೆ. ಅಂಗಳಕ್ಕೆ ಕೇಳಿಸದ ಹಾಗೆ ಕೇಳಿದರೆ ಅವರಿಗೂ ಕೇಳಿಸುವುದಿಲ್ಲ.

“ಅಮ್ಮಾ, ಅವತ್ತು ಅಟ್ಟದ ಮೇಲೆ ಒಂದು ಮಾತು ಹೇಳಿದ್ರಲ್ಲ,” ಅಂತ ಸುತ್ತಿ ಬಳಸಿ ಕೂಗಿದೆ. “ಅದು ಇರ್ಲಾ?”

“ಹೂಂ ಕಣಮ್ಮ, ಬುಡು ಬುಡು. ಉಂಡ್ಯಾ? ಚಳಿ ಐತಾ ಅಲ್ಲಿ?” ಅಂದರು ರಂಗಮ್ಮ.

ಒಳಗೆ ಹೋಗಿ ತೀಯುಗೆ, “ಒಪ್ಪಿದ್ದಾರೆ” ಅಂದೆ. ಹೂಂ ಅಂದಿದ್ದಾರಲ್ಲ, ಸುಳ್ಳೇನೂ ಅಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಪ್ಪತ್ತೆರಡು ವರ್ಷಕ್ಕೆ ಒಂದು ಸಲ ಬಾಗಿಲು ತೆರೆದಿದೆ, ಅದನ್ನು ನಾನೇ ಮುಚ್ಚಿಕೊಳ್ಳಲಾ ಎಂಬ ಆಸೆ ಇತ್ತು. ಅದನ್ನು ಬಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ತೀಯು ಹತ್ತೊಂಬತ್ತನೇ ಸಾಲಿನ ಪಕ್ಕ ಒಂದು ಸಣ್ಣ ಗೆರೆ ಎಳೆದರು.

ತೀಯು ಅವರ ಮನೆ

ಆ ಸಂಜೆ ತೀಯು ಮನೆಗೆ ಊಟಕ್ಕೆ ಕರೆದರು. ಬಾಗಿಲಲ್ಲೇ ಚಪ್ಪಲಿ ಬಿಡುತ್ತಾರೆ, ನಮ್ಮ ಹಾಗೇ. ಅಷ್ಟಕ್ಕೇ ನನಗೆ ಅರ್ಧ ತವರುಮನೆಗೆ ಬಂದ ಹಾಗಾಯಿತು. ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಹುಳಿ ಎಲೆಕೋಸು, ಮಜ್ಜಿಗೆಗಿಂತ ಗಟ್ಟಿಯಾದ ಹುಳಿ ಹಾಲು, ರಾಗಿಮುದ್ದೆ ಬಣ್ಣದ ಬ್ರೆಡ್ಡು. ನಾನು ಚಟ್ನಿಪುಡಿ ಡಬ್ಬಿ ತೆಗೆದೆ. ತೀಯು ಒಂದು ಚಮಚ ಬಾಯಿಗೆ ಹಾಕಿಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತರು. ಕಣ್ಣಲ್ಲಿ ನೀರು ಬಂತು. ಒಂದು ಲೋಟ ಹುಳಿ ಹಾಲು ಕುಡಿದು “ನೊಯಾ” ಅಂದರು.

ಆ ಎರಡು ದಿನದಲ್ಲಿ ಈ ಮಾತನ್ನು ನಾನು ಹತ್ತಾರು ಬಾಯಲ್ಲಿ ಕೇಳಿದ್ದೆ. ಅರ್ಥ ಕೇಳಿದೆ. “ಹೌದು ಅಂತ. ಅಥವಾ ಇಲ್ಲ ಅಂತ. ಇರಲಿ ಅಂತ. ನೀನು ಹೇಳುವುದು ಮುಗಿದಿದ್ದರೆ ಸಾಕು ಅಂತಲೂ ಆಗುತ್ತದೆ” ಅಂದರು.

“ಇದು ನಿಮ್ಮ ಬುಡು” ಅಂದೆ. ಅವರು ನಕ್ಕರು. ನಾನು ಅಲ್ಲಿ ಕಂಡ ಮೊದಲ ನಗು ಅದು.

ಆಮೇಲೆ ತಟ್ಟೆ ತೊಳೆಯುತ್ತಾ ಬೆನ್ನು ತಿರುಗಿಸಿಕೊಂಡೇ ಹೇಳಿದರು. ಅವರ ತಾಯಿ ಈ ಮನೆಯಲ್ಲೇ ಇದ್ದವರು. ಕೊನೆಯ ಕೆಲವು ವರ್ಷ ಎಲ್ಲದಕ್ಕೂ ನೊಯಾ ಅನ್ನುತ್ತಿದ್ದರಂತೆ. ಸೂಪು ಮಾಡಲಾ ಅಂದರೆ ನೊಯಾ. ಡಾಕ್ಟರ ಹತ್ತಿರ ಹೋಗೋಣವಾ ಅಂದರೆ ನೊಯಾ. ಎಷ್ಟು ಒಳ್ಳೆ ಮುದುಕಿ, ಎಲ್ಲಕ್ಕೂ ಹೊಂದಿಕೊಳ್ಳುತ್ತಾಳೆ ಅಂತ ಮನೆಯವರಿಗೆ ಸಂತೋಷ. ತೀರಿಕೊಳ್ಳುವ ಸ್ವಲ್ಪ ಮುಂಚೆ ಗೊತ್ತಾಯಿತಂತೆ, ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. “ಏನಂದೆ ಅಂತ ಮತ್ತೆ ಕೇಳಿದರೆ ಕಿವುಡು ಅಂತ ಗೊತ್ತಾಗುತ್ತದಲ್ಲ. ಎಲ್ಲಿ ಹಾಕಿದರೂ ಹೊಂದುವ ಒಂದು ಮಾತು ಇಟ್ಟುಕೊಂಡಿದ್ದರು. ಎದುರಿಗೆ ಕೂತು ಮಾತಾಡಿದರೆ ಮಾತ್ರ ಸರಿಯಾದ ಉತ್ತರ ಬರುತ್ತಿತ್ತು. ನಮ್ಮ ತುಟಿ ನೋಡುತ್ತಿದ್ದರು.”

ನಾನು ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟೆ. ತೀಯು ತಿರುಗಿ ನೋಡಿದರು. ಅವರೇನೂ ನನ್ನನ್ನು ಚುಚ್ಚಲು ಹೇಳಿದ್ದಲ್ಲ. ತಾಯಿಯ ನೆನಪಾಗಿ ಹೇಳಿದ್ದರು ಅಷ್ಟೇ.

“ಆ ಹಾಳೆ ಕೊಡಿ” ಅಂದೆ.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಇಪ್ಪತ್ತಮೂರು ಬುಡುಗಳನ್ನೂ ಒಂದೊಂದಾಗಿ ನೋಡಿದೆವು. ಅಟ್ಟದಲ್ಲಿ ಬೆಳಕು ಬರುವುದು ಒಂದೇ ಕಿಂಡಿಯಿಂದ. ರಂಗಮ್ಮ ಕಣ್ಣಿಗೆ ಕಾಯಿ ಕಾಣಲಿ ಅಂತ ಬೆಳಕಿಗೆ ಬಲಭಾಗ ಕೊಟ್ಟು ಕೂರುತ್ತಿದ್ದರು. ಅರ್ಧ ಮುಖ ಬೆಳಕು, ಅರ್ಧ ನೆರಳು ಬರಲಿ ಅಂತ ನಾನು ಯಾವಾಗಲೂ ನೆರಳಿನ ಕಡೆ ಕ್ಯಾಮೆರಾ ಇಡುತ್ತಿದ್ದೆ. ಅಂದರೆ ಅವರ ಎಡಗಡೆ. ಮದುವೆ ಮನೆಯಲ್ಲಿ ಯಾರೂ ಮಾಡಲು ಬಿಡದ ಆ ನೆರಳು ಬೆಳಕಿನ ಚಪಲವನ್ನೆಲ್ಲ ನಾನು ಅಟ್ಟದಲ್ಲಿ ತೀರಿಸಿಕೊಂಡಿದ್ದೆ.

ಬುಡು ಅಂದಾಗಲೆಲ್ಲ ನಾನು ಎಡಗಡೆ ಇದ್ದೆ, ಇಲ್ಲವೇ ಬೆನ್ನ ಹಿಂದೆ ಇದ್ದೆ. ಎದುರಿಗೆ ಕೂತು ಕೇಳಿದ ಕಡೆಯೆಲ್ಲ ಅವರು ಸರಿಯಾಗಿ, ಉದ್ದಕ್ಕೆ ಉತ್ತರ ಹೇಳಿದ್ದರು. ‘ಮಕ್ಕಳು ಈ ಕೆಲಸ ಕಲಿತಾರಾ?’ ಎಂಬ ಪ್ರಶ್ನೆಗೆ ಬುಡು. ‘ಕಾಲು ನೋವಾ ಅಮ್ಮ?’ ಎಂಬುದಕ್ಕೆ ಬುಡು. ‘ಎಷ್ಟೊತ್ತಿಗೆ ಹೊರಡೋಣ?’ ಎಂಬುದಕ್ಕೂ ಬುಡು, ಅದಕ್ಕೆ ನಾನು ‘ಆತುರವೇನಿದೆ’ ಅಂತ ಬಹಳ ಜಾಣತನದಿಂದ ಇಂಗ್ಲಿಷ್ ಬರೆಸಿದ್ದೆ. ಕಿವಿಯ ಶಾಟ್ ಇಲ್ಲದ ಪ್ರತಿಯನ್ನು ತಿಪಟೂರಿನಲ್ಲಿ ನೋಡಿದ ಗೆಳತಿಯರೆಲ್ಲ ಆ ಬುಡುಗಳಿಗೆ ನಕ್ಕಿದ್ದರು. ಏನು ವೇದಾಂತಿ ಈ ಹೆಂಗಸು ಅಂದಿದ್ದರು. ನಾನೂ ಹಾಗೇ ನಂಬಿದ್ದೆ. ಅದು ವೇದಾಂತ ಅಲ್ಲ, ಅವರಿಗೆ ನನ್ನ ಮಾತು ಕೇಳಿಸಿರಲಿಲ್ಲ.

ಹತ್ತೊಂಬತ್ತನೆಯದನ್ನು ಕೊನೆಗೆ ನೋಡಿದೆವು. ಎಡಗಿವಿ ಹೋಗಿದೆ ಅಂತ ಅವರ ಬಾಯಿಂದಲೇ ಕೇಳಿ, ಒಂದು ಉಸಿರೂ ಬಿಡದೆ, ಅದೇ ಎಡಗಿವಿಗೆ ಪ್ರಶ್ನೆ ಕೇಳಿದ್ದೆ. ಒಳ್ಳೆ ಶಾಟ್ ಸಿಕ್ಕಿತು ಎಂಬ ಖುಷಿಯಲ್ಲಿ ನನಗೆ ಅದು ಹೊಳೆದಿರಲೇ ಇಲ್ಲ. ಒಂದು ವರ್ಷ ಅವರನ್ನು ನೋಡಿದೆ, ನೋಡಿದೆ ಅಂತ ಬೀಗಿದವಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

“ಅವರು ಒಪ್ಪಿಲ್ಲ” ಅಂದೆ. “ಬೆಳಿಗ್ಗೆ ನಿಮಗೆ ಸುಳ್ಳು ಹೇಳಿದೆ. ಅವರಿಗೆ ನನ್ನ ಪ್ರಶ್ನೆ ಇಲ್ಲಿವರೆಗೂ ತಲುಪೇ ಇಲ್ಲ.”

ತೀಯು ಲ್ಯಾಪ್‌ಟಾಪ್ ಮುಚ್ಚಿದರು. ಈ ಜನ ಸಮಾಧಾನ ಹೇಳುವುದಿಲ್ಲ. “ಆ ನಾಲ್ಕು ನಿಮಿಷ ಇಲ್ಲದಿದ್ದರೆ ನಾನು ಈ ಚಿತ್ರವನ್ನು ಆರಿಸುತ್ತಿರಲಿಲ್ಲ. ನೇರವಾಗಿ ಹೇಳುತ್ತೇನೆ” ಅಂದರು. ಹಾಳೆಯನ್ನು ಮಡಚಿಡುತ್ತಾ, “ಆರಿಸಿದ್ದನ್ನು ವಾಪಸ್ ತೆಗೆಯುವುದಿಲ್ಲ. ಆ ಶಾಟ್ ಇದ್ದರೆ ಇದ್ದ ಹಾಗೆ, ಇಲ್ಲದಿದ್ದರೆ ಇಲ್ಲದ ಹಾಗೆ ತೋರಿಸುತ್ತೇವೆ. ಆದರೆ ನೀವೇ ಅವರ ಪರವಾಗಿ ತೀರ್ಮಾನ ಮಾಡಬೇಡಿ. ಅದೂ ಅವರನ್ನು ಕೇಳದೆ ಮಾಡಿದ ಹಾಗೇ ಆಗುತ್ತದೆ” ಅಂದರು.

“ಹೇಗೆ ಕೇಳಲಿ? ಕೂಗಿದರೆ ಊರಿಗೆಲ್ಲ ಗೊತ್ತಾಗುತ್ತದೆ.”

“ನೊಯಾ” ಅಂದರು ತೀಯು. ಅದು ಯಾವ ನೊಯಾ ಅಂತ ನನಗೆ ತಿಳಿಯಲಿಲ್ಲ.

ಸಮುದ್ರದ ದಂಡೆ, ಪ್ರದರ್ಶನದ ದಿನ

ಬೆಳಿಗ್ಗೆ ಸಮುದ್ರದ ಕಡೆ ನಡೆದೆ. ಅಲ್ಲಿನ ಸಮುದ್ರಕ್ಕೆ ಅಲೆಯೇ ಇಲ್ಲ, ತುಂಬಿದ ಕೆರೆಯ ಹಾಗೆ ಸುಮ್ಮನೆ ಬಿದ್ದಿರುತ್ತದೆ. ಮೂರು ಗಂಡಸರು ಒಬ್ಬೊಬ್ಬರು ಒಂದೊಂದು ಬೆಂಚಿನಲ್ಲಿ ಕೂತು ನೀರು ನೋಡುತ್ತಿದ್ದರು. ನಾನು ನಾಲ್ಕನೇ ಬೆಂಚು ಹುಡುಕಿಕೊಂಡೆ. ಅಷ್ಟು ಕಲಿತಿದ್ದೆ.

ಸಂಜೆ ಆರಕ್ಕೆ ಪ್ರದರ್ಶನ. ಮಧ್ಯಾಹ್ನದೊಳಗೆ ಯಾವ ಪ್ರತಿ ಎಂದು ತೀಯುಗೆ ಹೇಳಬೇಕಿತ್ತು. ರಂಗಮ್ಮ ಇರಲಿ ಅಂದುಬಿಟ್ಟರೆ ಎಂಬ ಆಸೆ ಆಗಲೂ ಇತ್ತು, ಇಲ್ಲ ಅಂತ ಹೇಗೆ ಹೇಳಲಿ? ಬೇಡ ಅಂದರೆ ಇಷ್ಟು ವರ್ಷದ ಕೆಲಸದಲ್ಲಿ ನನಗೆ ಸಿಕ್ಕಿದ ಒಂದೇ ಒಂದು ಅಪ್ಪಟ ಶಾಟ್ ಹೋಗುತ್ತದೆ. ಆಸೆ, ಹೆದರಿಕೆ ಎರಡನ್ನೂ ಇಟ್ಟುಕೊಂಡು ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದೆ. ತೀಯು ಅವರ ತಾಯಿ ತುಟಿ ನೋಡುತ್ತಿದ್ದರು ಎಂಬ ಮಾತು ತಲೆಯಲ್ಲಿ ತಿರುಗುತ್ತಿತ್ತು. ಆಮೇಲೆ ವಿಡಿಯೊ ಕಾಲ್ ಮಾಡಿದೆ.

ಭಾಗ್ಯ ಎತ್ತಿದಳು. ಹಿಂದೆ ಅದೇ ಅಂಗಳ, ಸಿಪ್ಪೆಯ ರಾಶಿ, ಸುಲಿಯುವವರ ಬೆನ್ನುಗಳು. “ಅಕ್ಕ, ಏನ್ ಈ ಸ್ವೆಟರ್ರು, ಗುರ್ತೇ ಸಿಕ್ಕಲ್ಲ” ಅಂತ ನಕ್ಕಳು. ಅಮ್ಮನನ್ನು ಕರಿ ಅಂದೆ. ರಂಗಮ್ಮ ಕೈ ಒರೆಸಿಕೊಂಡು ಬಂದು ಸೊಸೆಯ ಪಕ್ಕ ಕೂತರು. ಭಾಗ್ಯ ಫೋನನ್ನು ಇಬ್ಬರಿಗೂ ಕಾಣುವ ಹಾಗೆ ಹಿಡಿದಳು.

ಅವರು ನನ್ನ ಕಣ್ಣು ನೋಡಲಿಲ್ಲ, ನನ್ನ ಬಾಯಿ ನೋಡಿದರು. ಒಂದು ವರ್ಷದಲ್ಲಿ ಎಷ್ಟೋ ಸಲ ಹಾಗೆ ನೋಡಿದ್ದಿರಬೇಕು, ನನಗೆ ಕಂಡಿದ್ದು ಈಗ.

“ಚೆನ್ನಾಗಿದ್ದೀರಾ ಅಮ್ಮಾ” ಅಂತ ಒಮ್ಮೆ ಜೋರಾಗಿ ಅಂದೆ. ಆಮೇಲೆ ಫೋನನ್ನು ಮುಖದ ಹತ್ತಿರ ತಂದುಕೊಂಡೆ. ಗಂಟಲಿಂದ ಸದ್ದು ಹೊರಡಿಸದೆ, ತುಟಿ ಮಾತ್ರ ಆಡಿಸುತ್ತಾ, ನಿಧಾನವಾಗಿ, ಒಂದೊಂದೇ ಮಾತು ಹೇಳಿದೆ. ಕಿವಿ ವಿಷ್ಯ. ಸಿನಿಮಾದಲ್ಲಿ. ಊರೋರೆಲ್ಲ ನೋಡ್ತಾರೆ. ಇರ್ಲಾ? ತೆಗೀಲಾ?

ರಂಗಮ್ಮನ ಮುಖದ ನಗು ನಿಂತಿತು. ಅವರು ಬುಡು ಅನ್ನಲಿಲ್ಲ. ಪಕ್ಕದ ಸೊಸೆಯ ಕಡೆ ಕಣ್ಣು ಹಾಯಿಸಿದರು, ಅಂಗಳದ ಕಡೆ ನೋಡಿದರು, ಮತ್ತೆ ನನ್ನ ತುಟಿಗೆ ಬಂದರು. ನಾನು ಇನ್ನೊಂದು ಸಲ ಹೇಳಿದೆ. ಇರ್ಲಾ? ತೆಗೀಲಾ?

“ಅಕ್ಕ, ನಿಮ್ ವಾಯ್ಸೇ ಬತ್ತಿಲ್ಲ,” ಅಂದಳು ಭಾಗ್ಯ, ಫೋನನ್ನು ಅಲ್ಲಾಡಿಸುತ್ತಾ. “ಮ್ಯೂಟ್ ಆಗೈತೆ ನೋಡಿ. ಏನೂ ಕೇಳುಸ್ತಿಲ್ಲ.”

“ನಂಗ್ ಕೇಳುಸ್ತು, ಸುಮ್ಕಿರು” ಅಂದರು ರಂಗಮ್ಮ ಸೊಸೆಗೆ. ಆಮೇಲೆ ನನ್ನ ಕಡೆ ನೋಡಿ, “ತೆಗಿ ಮಗಾ” ಅಂದರು.